ಆಯೇರಿ ಸೀರೆ ಮತ್ತು ಅಲಮಾರಿಯ ಹೂಳು

(ಭೂಸನೂರಿನಲ್ಲಿ ಶ್ರಾವಣ ಮಾಸದ ಪ್ರವಚನದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಪೂಜ್ಯರು ನನಗೆ ಕೊಟ್ಟ ವಿಷಯ 'ಸರಳ ಜೀವನ'. ಸರಳ ಜೀವನದ ಬಗ್ಗೆ ಮಾತಾಡುವುದು ಬಹಳ ಸರಳ. ಅದಕ್ಕೇ ಅಂಥ ಮಾತಿನಿಂದ ಯಾರ ಮನೆಯಲ್ಲೂ ಏನೂ ಬದಲಾಗುವುದಿಲ್ಲ. ಹಾಗಾಗಿ ನಾನು ಒಂದೇ ವಸ್ತು ಹಿಡಿದುಕೊಳ್ಳುತ್ತೇನೆ: ಬಟ್ಟೆ. ಅದರಲ್ಲೂ ಮೈಮೇಲಿನ ಬಟ್ಟೆಯಲ್ಲ, ಅಲಮಾರಿಯಲ್ಲಿ ಕೂತ ಬಟ್ಟೆ.

ನನ್ನ ನೌಕರಿಯೆಲ್ಲ ಕೆರೆ, ಕಾಲುವೆಗಳ ಕೆಲಸದಲ್ಲಿ ಕಳೆಯಿತು. ಜಲಾಶಯದ ಲೆಕ್ಕದಲ್ಲಿ 'ಡೆಡ್ ಸ್ಟೋರೇಜ್' ಎಂಬ ಮಾತಿದೆ. ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ಅದು. ನೀರು ಅಲ್ಲಿರುತ್ತದೆ, ಆದರೆ ಕಾಲುವೆಗೆ ಬರುವುದಿಲ್ಲ. ಆ ಜಾಗವನ್ನು ಹೂಳಿಗೆಂದೇ ಬಿಟ್ಟಿರುತ್ತಾರೆ. ನಮ್ಮ ಅಮರ್ಜಾ ತುಂಬಿದ್ದನ್ನು ನೋಡಿ, ಕಂಡ ನೀರೆಲ್ಲ ಹೊಲಕ್ಕೆ ಬರುತ್ತದೆ ಎಂದು ತಿಳಿದವನ ಲೆಕ್ಕ ತಪ್ಪುತ್ತದೆ. ಅಲಮಾರಿಯಲ್ಲೂ ಹೀಗೇ. ತೂಬಿನ ಕೆಳಗೆ ಎಷ್ಟು ನಿಂತಿದೆ ಎಂದು ಯಾರೂ ಅಳೆದಿರುವುದಿಲ್ಲ.

ಹೋದ ವರ್ಷ ನಾನೂ ನಮ್ಮ ಮನೆಯವರೂ ಕೂತು ಎಣಿಸಿದೆವು. ಸೀರೆ 84. ಅದರಲ್ಲಿ ಆಕೆ ತಾನೇ ಅಂಗಡಿಯಲ್ಲಿ ನಿಂತು ಆರಿಸಿ ತಂದದ್ದು 19. ಉಳಿದ 65 ಆಯೇರಿಯಲ್ಲಿ ಬಂದದ್ದು. ನನ್ನ ಪಾಲಿಗೆ ಹೊಲಿಸದ ಪ್ಯಾಂಟ್ ಶರ್ಟಿನ ಪೀಸುಗಳು 23, ಸನ್ಮಾನದ ಶಾಲು 31. ಇವತ್ತು ಇಲ್ಲಿಂದ ಹೋಗುವಾಗ ಶಾಲು 32 ಆಗುವ ಲಕ್ಷಣ ಕಾಣುತ್ತಿದೆ. ದಯಮಾಡಿ ಬೇಡ.

"ಇಷ್ಟೆಲ್ಲ ಯಾಕೆ ಇಟ್ಟೀದಿ, ಯಾರಿಗಾದರೂ ಕೊಟ್ಟುಬಿಡು" ಅಂದೆ. ಆಕೆ ಅಂದದ್ದು: "ಇವು ಸೀರೆ ಅಲ್ರೀ, ಮಂದಿ ಸಾಲ." ನಾನು ಇವತ್ತು ಹೇಳಬೇಕಾದದ್ದೆಲ್ಲ ಆ ಮಾತಿನಲ್ಲಿದೆ. ಪ್ರತಿ ಸೀರೆಗೂ ಒಂದು ಹೆಸರು, ಪ್ರತಿ ಹೆಸರಿಗೂ ಪುಸ್ತಕದಲ್ಲಿ ಒಂದು ಸಾಲು. ಅವರ ಮನೆಯಲ್ಲಿ ಮದುವೆ, ತೊಟ್ಟಿಲು, ಮನೆ ಶಾಂತಿ ಆದಾಗ ಅಷ್ಟೇ ಬೆಲೆಯದ್ದು ತಿರುಗಿ ಹೋಗಬೇಕು.

ಕಡಿಮೆ ಬಟ್ಟೆಯಲ್ಲಿ ಬಾಳುವ ಬಗ್ಗೆ ಈಗ ದೊಡ್ಡ ದೊಡ್ಡ ಪುಸ್ತಕಗಳು ಬಂದಿವೆ. ಬಟ್ಟೆಯನ್ನು ಕೈಯಲ್ಲಿ ಹಿಡಿ, ಮನಸ್ಸಿಗೆ ಹಿತವಾದರೆ ಇಟ್ಟುಕೋ, ಇಲ್ಲವಾದರೆ ತೆಗೆ ಎನ್ನುತ್ತಾರೆ. ಬೆಂಗಳೂರು, ಪುಣೆಯಲ್ಲಿ ಒಂಟಿ ಸಂಸಾರ ಮಾಡುವ ಹುಡುಗರಿಗೆ ಅದು ಸರಿ. ಅವರ ಅಲಮಾರಿ ತುಂಬಿದ್ದು ಫೋನಿನಲ್ಲಿ ಬೆರಳು ಒತ್ತಿ. ನಮ್ಮದು ತುಂಬಿದ್ದು ನೆಂಟಸ್ತಿಕೆಯಿಂದ. ಆಸೆಯನ್ನು ಒಬ್ಬನೇ ಬಿಡಬಹುದು, ನೆಂಟಸ್ತಿಕೆಯ ಲೆಕ್ಕವನ್ನು ಒಬ್ಬನೇ ಬಿಡಲಿಕ್ಕೆ ಆಗುವುದಿಲ್ಲ. ಅದಕ್ಕೇ ಇದು ಮನೆಯಲ್ಲಿ ಮುಗಿಯುವ ಮಾತಲ್ಲ, ಮಠದಲ್ಲಿ, ಊರಿನ ಮುಂದೆ ಆಡಬೇಕಾದ ಮಾತು.

ಆಯೇರಿ ಹುಟ್ಟಿದ್ದು ಒಳ್ಳೆಯ ಕಾರಣಕ್ಕೇ. ವರ್ಷಕ್ಕೆ ಎರಡು ಸೀರೆ, ಎರಡು ಧೋತರ ಕಂಡರೆ ಹೆಚ್ಚು ಎನ್ನುವ ಕಾಲದಲ್ಲಿ, ಹೊಸ ಸಂಸಾರಕ್ಕೆ ಹತ್ತು ಮನೆಯವರು ಕೂಡಿ ಬಟ್ಟೆ ಹೊಂದಿಸುತ್ತಿದ್ದರು. ಈಗ ಸೊಲ್ಲಾಪುರಕ್ಕೆ ಜವಳಿಗೆ ಹೋಗಿ ನೋಡಿರಿ. ಅಂಗಡಿಯವನು ಕೇಳುವ ಮೊದಲ ಪ್ರಶ್ನೆ, "ಕೊಡೋ ಸೀರೆ ಬೇಕೋ, ಉಡೋ ಸೀರೆ ಬೇಕೋ?" ಉಡಲಿಕ್ಕೆ ಅಲ್ಲದ ಸೀರೆ ಎಂಬುದೊಂದು ಜಾತಿಯೇ ಹುಟ್ಟಿದೆ. ಬಂಡಲ್ ಬಂಡಲ್ ಬರುತ್ತದೆ. ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಮಡಿಕೆ ಬಿಚ್ಚದೆ ತಿರುಗುತ್ತದೆ. ಕೆಲವು ಸೀರೆ ಕೊಟ್ಟವರ ಮನೆಗೇ ತಿರುಗಿ ಬಂದು ಮುಖ ತೋರಿಸಿದ ಕಥೆ ಇಲ್ಲಿ ಕೂತ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ನಗುವ ಮಾತು ಅಲ್ಲಿಗೆ ಮುಗಿಯಿತು. ಜವಳಿ ಹಂಚುವಾಗ ಏನಾಗುತ್ತದೆ ನೋಡಿರಿ. ಬೀಗತಿಗೆ ಎರಡು ಸಾವಿರದ್ದು. ಸೋದರತ್ತೆಗೆ ಎಂಟುನೂರರದ್ದು. ಗಂಡ ತೀರಿಕೊಂಡ ಚಿಕ್ಕಮ್ಮನಿಗೆ ಇನ್ನೂರರದ್ದು, ಅದೂ ಹಿಂದಿನ ಬಾಗಿಲಲ್ಲಿ. ಮನೆಗೆಲಸ ಮಾಡುವಾಕೆಗೆ ಹೋದ ಮದುವೆಯಲ್ಲಿ ಬಂದು ಯಾರೂ ಒಲ್ಲೆ ಅಂದದ್ದು. ಕೊರಳಲ್ಲಿ ಒಂದೇ ಇಷ್ಟಲಿಂಗ ಕಟ್ಟಿಕೊಂಡು, ಒಂದೇ ಪಂಕ್ತಿಯಲ್ಲಿ ಪ್ರಸಾದ ಮಾಡಿ ಎದ್ದು, ಹತ್ತು ನಿಮಿಷಕ್ಕೆ ಮನುಷ್ಯರನ್ನು ಬಟ್ಟೆಯ ಬೆಲೆಯಿಂದ ಸಾಲಾಗಿ ನಿಲ್ಲಿಸುತ್ತೇವೆ. ಹಣ ಹಾಳಾಗುವುದು ನನಗೆ ಎರಡನೆಯ ಚಿಂತೆ. ಮೊದಲನೆಯದು ಇದು.

ಬಟ್ಟೆಯ ಮಾತು ಬಂದರೆ ನಮ್ಮವರು ಕೂಡಲೇ ಅಕ್ಕಮಹಾದೇವಿಯ ಹೆಸರು ತೆಗೆಯುತ್ತಾರೆ. ಅಕ್ಕನ ನಡೆ ನಮ್ಮ ಅಳತೆಗೆ ಸಿಗುವುದಲ್ಲ. ಸಂಸಾರಿಗಳಾದ ನಮಗೆ ಆಯ್ದಕ್ಕಿ ಲಕ್ಕಮ್ಮನೇ ಅಳತೆಗೋಲು. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದ. ಲಕ್ಕಮ್ಮ ಒಳಗೆ ಸುರಿದುಕೊಳ್ಳಲಿಲ್ಲ, ತಿರುಗಿ ಒಯ್ದು ಸುರಿದು ಬಾ ಎಂದಳು. ನಾಳೆಗೆ ಆಗುತ್ತದೆ ಎಂದು ಇಡಬಹುದಿತ್ತು. ಪಕ್ಕದ ಮನೆಗೆ ದಾನ ಕೊಟ್ಟು ಹೆಸರೂ ಮಾಡಬಹುದಿತ್ತು. ಎರಡೂ ಮಾಡಲಿಲ್ಲ. ಬೇಡದ್ದನ್ನು ತಡೆದದ್ದು ಬಾಗಿಲಲ್ಲಿಯೇ.

ಇಲ್ಲಿ ನಮ್ಮ ಜನ ಒಂದು ಜಾಣತನ ಮಾಡುತ್ತಾರೆ. ಹಳೇ ಬಟ್ಟೆ ಗಂಟು ಕಟ್ಟಿ ಅನಾಥಾಶ್ರಮಕ್ಕೆ ಕೊಟ್ಟು, ಅಲಮಾರಿ ಖಾಲಿಯಾಯಿತೆಂದು ಮತ್ತೆ ತುಂಬುತ್ತಾರೆ. ಇದಕ್ಕೆ ದಾಸೋಹದ ಹೆಸರು ಇಡಬೇಡಿರಿ. ದಾಸೋಹ ಎಂದರೆ ನನ್ನ ದುಡಿಮೆಯ ಒಳ್ಳೆಯ ಪಾಲು, ನನಗೆ ಬೇಡವಾದ ಕಸ ಅಲ್ಲ.

ನಮ್ಮ ಅವ್ವಂದಿರ ಕಾಲದಲ್ಲಿ ಬಟ್ಟೆಗೆ ಕೊನೆಯಲ್ಲೂ ಒಂದು ಕೆಲಸ ಇತ್ತು. ಉಟ್ಟು ಉಟ್ಟು ಸವೆದ ನೂಲಿನ ಸೀರೆ, ಧೋತರ ಎಲ್ಲ ಕೌದಿಯಾಗುತ್ತಿತ್ತು. ಸವೆದಷ್ಟೂ ಮೆತ್ತಗೆ. ಕೂಸಿಗೆ ಹಾಸಲಿಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಈಗಿನ ಕೊಡೋ ಸೀರೆ ಬಹುಪಾಲು ಪಾಲಿಯೆಸ್ಟರ್, ಪೆಟ್ರೋಲಿಯಂ ಎಣ್ಣೆಯಿಂದ ಬಂದದ್ದು. ಬೆವರು ಹೀರುವುದಿಲ್ಲ, ಕೌದಿಗೆ ಒಗ್ಗುವುದಿಲ್ಲ, ತಿಪ್ಪೆಗೆ ಹಾಕಿದರೆ ಕೊಳೆಯುವುದೂ ಇಲ್ಲ. ಭಾಂಡೆ ಮಾರುವವಳೂ ಈಗ ಮುಟ್ಟಿ ನೋಡಿ ಬೇಡ ಅನ್ನುತ್ತಾಳೆ.

ನೀರಿನವನಾದ್ದರಿಂದ ಇನ್ನೊಂದು ಅಂಕಿ ಹೇಳುತ್ತೇನೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಇದೆ. ಇದರಲ್ಲಿ ಮಳೆಯ ನೀರೂ ಸೇರಿದೆ. ಆದ್ದರಿಂದ ಜೇವರ್ಗಿಯ ಎರೆಹೊಲದ ಹತ್ತಿಗೆ ಅದನ್ನು ಹಾಗೇ ಅಂಟಿಸಬಾರದು. ಆದರೂ ಉಡದೆ ಮಡಿಸಿಟ್ಟ ಸೀರೆಯಲ್ಲಿ ಎಷ್ಟು ಕೊಡ ನೀರು ಮಡಿಸಿಟ್ಟಿದ್ದೇವೆ ಎಂಬುದನ್ನು ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವವರು ಊಹಿಸಬಹುದು.

"ಎಲ್ಲರೂ ಬಟ್ಟೆ ಕೊಳ್ಳುವುದು ಬಿಟ್ಟರೆ ನೇಕಾರನ ಕಾಯಕ ಏನಾಗಬೇಕು, ಜೇಡರ ದಾಸಿಮಯ್ಯನೂ ನೇಕಾರನಲ್ಲವೇ?" ಎಂದು ಸಭೆಗೆ ಮುಂಚೆ ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ಇಲಕಲ್ ಸೀರೆ ಕೈಮಗ್ಗದಲ್ಲಿ ನೇಯುವವರನ್ನು, ಗುಳೇದಗುಡ್ಡದ ಖಣ ನೇಯುವವರನ್ನು ಹಿಂಡಿದ್ದು ಕಡಿಮೆ ಕೊಳ್ಳುವವರಲ್ಲ. ಇನ್ನೂರು ರೂಪಾಯಿಯ ಬಂಡಲ್ ಸೀರೆ. ಹತ್ತು ಕೊಡೋ ಸೀರೆಯ ಹಣದಲ್ಲಿ ಒಂದು ಉಡೋ ಸೀರೆ ಕೊಂಡರೆ ದಾಸಿಮಯ್ಯನ ಕಾಯಕಕ್ಕೆ ನಾವು ಮರ್ಯಾದೆ ಕೊಟ್ಟಂತೆ.

ಒಂದು ಎಚ್ಚರಿಕೆ. ಈ ಮಾತನ್ನು ತುಂಬಿದ ಅಲಮಾರಿ ಇದ್ದವರು ತಮಗೆ ತಾವೇ ಹೇಳಿಕೊಳ್ಳಬೇಕು. ಕೂಲಿಯವಳ ಮಗಳು ಹೊಸ ಡ್ರೆಸ್ ಹಾಕಿದರೆ 'ಸರಳವಾಗಿರು' ಎನ್ನುವ ಹಕ್ಕು ನಮಗಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ ಸತ್ಯಾಗ್ರಹದ ವೇಳೆ ಬಾಬಾಸಾಹೇಬ ಅಂಬೇಡ್ಕರರು ದಲಿತ ಹೆಣ್ಣುಮಕ್ಕಳಿಗೆ, ಮೇಲ್ಜಾತಿಯವರು ಉಡುವಂತೆಯೇ ಸೀರೆ ಉಡಿರಿ ಎಂದರು. ಯಾರಿಗೆ ಒಳ್ಳೆಯ ಬಟ್ಟೆ ತಲೆಮಾರುಗಳಿಂದ ತಪ್ಪಿತ್ತೋ ಅವರಿಗೆ ಅದು ಮಾನದ ಪ್ರಶ್ನೆ.

ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳನ್ನು ನಿಮ್ಮಲ್ಲಿ ಬಹಳ ಮಂದಿ ಕಂಡವರಿದ್ದೀರಿ. ಅವರ ಬಿಳಿ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದರು. ನನಗೆ ಆ ಜೇಬಿಲ್ಲದ ಅಂಗಿ ಎಂಜಿನಿಯರನ ಕಣ್ಣಿಗೂ ಹಿಡಿಸುತ್ತದೆ. ಇಟ್ಟುಕೊಳ್ಳಬಾರದು ಎಂದು ದಿನಾ ಮನಸ್ಸಿಗೆ ಹೇಳುವ ಬದಲು, ಇಟ್ಟುಕೊಳ್ಳುವ ಜಾಗವನ್ನೇ ಹೊಲಿಸಲಿಲ್ಲ. ನಮ್ಮ ಮನೆಗೂ ಅದೇ ಉಪಾಯ. ಮೂರನೆಯ ಅಲಮಾರಿ ತರಬೇಡಿರಿ. ಒಂದು ಹೊಸದು ಒಳಗೆ ಬಂದರೆ ಒಂದು ಹೊರಗೆ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಕಳೆದರೂ ಮೈಗೆ ಬಾರದ್ದು ಹೂಳು ಎಂದೇ ತಿಳಿಯಿರಿ.

ಆಯೇರಿ ನಿಲ್ಲಿಸಲಿಕ್ಕೆ ಮಾತ್ರ ಊರೇ ಕೂಡಬೇಕು. ಲಗ್ನಪತ್ರಿಕೆಯಲ್ಲಿ 'ಬಟ್ಟೆ ಆಯೇರಿ ತರಬಾರದು, ನಾವೂ ಮಾಡುವುದಿಲ್ಲ' ಎಂದು ಎರಡೂ ಕಡೆಯ ಮಾತನ್ನು ಅಚ್ಚು ಹಾಕಿಸಬೇಕು. ಬರೀ ತರಬೇಡಿ ಎಂದು ಹಾಕಿದರೆ ಜನ ಅದನ್ನು ಬಿನ್ನಹ ಎಂದು ಓದಿ ತಂದೇ ತರುತ್ತಾರೆ. ಕೊಡಲೇಬೇಕು ಅನ್ನುವವರ ಹಣ ಮಠದ ವಿದ್ಯಾರ್ಥಿ ನಿಲಯದ ಹುಡುಗರ ಹೊಸ ಸಮವಸ್ತ್ರಕ್ಕೆ ಹೋಗಲಿ. ಹೊಸದು, ಹಳೆಯದಲ್ಲ.

ಮಾಘದಲ್ಲಿ ನನ್ನ ತಮ್ಮನ ಮಗಳ ಮದುವೆ ಇದೆ. ಆಯೇರಿ ಪುಸ್ತಕ ಇಡುವುದಿಲ್ಲ ಎಂದು ಮನೆಯಲ್ಲಿ ನಿಶ್ಚಯವಾಗಿದೆ. ಬೀಗರು ಒಪ್ಪಿದ್ದಾರೆ. ಅವರ ಅಕ್ಕ ಇನ್ನೂ ಒಪ್ಪಿಲ್ಲ, ಹೋದ ವಾರ ಎರಡು ಸಲ ಫೋನ್ ಮಾಡಿದ್ದರು. ಬರುವ ಸೋಮವಾರ ನಾನೂ ನಮ್ಮ ಮನೆಯವರೂ ಅಫಜಲಪುರಕ್ಕೆ ಹೋಗಿ ಅವರನ್ನು ಕಂಡು ಬರುತ್ತೇವೆ.