61ರ ಮುಂದೆ

ಮೊನ್ನೆ ಬೆಳಿಗ್ಗೆ ದೇವರಮನೆಯಿಂದ ಅಮ್ಮನ ದನಿ: "ಅಯ್ಯೋ, ಸೊನ್ನೆ ಆಗೋಯ್ತಲ್ಲೋ!"

ಅವರ ಜಪಮಾಲೆಯ ದಾರ ಹೋದ ತಿಂಗಳು ಹರಿದಿತ್ತು. ಪೋಣಿಸಲು ಕೊಟ್ಟಿದ್ದು ಇನ್ನೂ ಬಂದಿಲ್ಲ. ಅಲ್ಲಿಯ ತನಕ ಇರಲಿ ಅಂತ ಅಣ್ಣನ ಮಗ, ಇಂಜಿನಿಯರಿಂಗ್ ಓದುವವನು, ಒಂದು ಭಾನುವಾರ ಕೂತು ಅಜ್ಜಿಯ ಫೋನಿಗೆ ಜಪ ಎಣಿಸುವ ಆ್ಯಪ್ ಮಾಡಿಕೊಟ್ಟಿದ್ದ. ಒಂದು ದೊಡ್ಡ ಅಂಕಿ, ಕೆಳಗೊಂದು ಗುಂಡಿ. ಒತ್ತಿದರೆ ಒಂದು ಹೆಚ್ಚುತ್ತದೆ, ಅಷ್ಟೇ. 108ರ ದಾರಿಯಲ್ಲಿ ಅಮ್ಮ 61ಕ್ಕೆ ಬಂದಿದ್ದರು. ದೀಪದ ಬತ್ತಿ ಮುಂದೆ ಮಾಡಲು ಬಗ್ಗಿದಾಗ ಕೈಲಿದ್ದ ಫೋನು ಅಡ್ಡವಾಯಿತು, ಪರದೆಯೂ ತಿರುಗಿತು, 61 ಹೋಗಿ ಸೊನ್ನೆ ಕೂತಿತು.

ಹುಡುಗ ನಕ್ಕುಬಿಟ್ಟ. ಆ್ಯಪ್ ಬರೆಯಲು ಕಲಿಯುವವರು ಮೊದಲು ಎಡವುವ ಕಲ್ಲೇ ಇದಂತೆ. ಪರದೆ ತಿರುಗಿದ ಹಾಗೆ ನಮಗೆ ಕಾಣುತ್ತದಲ್ಲ, ಒಳಗೆ ಆಂಡ್ರಾಯ್ಡ್ ಆ ಪರದೆಯನ್ನು ಕೆಡವಿ, ಅಡ್ಡದ ಅಳತೆಗೆ ಇನ್ನೊಂದನ್ನು ಕಟ್ಟಿರುತ್ತದೆ. ಕೆಡವುವ ಮುಂಚೆ ಒಂದು ಮಾತು ಕೇಳುತ್ತದೆ: ನಿನ್ನ ಹಿಂದೆ ಬರುವವನಿಗೆ ಏನಾದರೂ ಗಂಟು ಕಟ್ಟಿಡುತ್ತೀಯಾ? ಆ ಗಂಟಿಗೆ ಅವರಲ್ಲಿ ಬಂಡಲ್ ಅಂತಲೇ ಹೆಸರು. ನಾವು ಬಿಡುವ ಬಂಡಲ್ ಬೇರೆ, ಅದು ಇರಲಿ. ಹೊಸ ಪರದೆ ಕಣ್ಣು ಬಿಡುತ್ತಲೇ ಈ ಗಂಟು ಅದರ ಕೈಗೆ ಬರುತ್ತದೆ. ಗಂಟು ಚಿಕ್ಕದಿರಬೇಕು: ಒಂದು ಅಂಕಿ, ಅರ್ಧ ಬರೆದ ಒಂದು ಹೆಸರು, ಇಂಥವು. ಫೋಟೋಗಳನ್ನೆಲ್ಲ ತುರುಕಿದರೆ ಆ್ಯಪ್ಪೇ ಕುಸಿದು ಕೂರುತ್ತದೆ. ನಮ್ಮವನು ಏನನ್ನೂ ಕಟ್ಟಿರಲಿಲ್ಲ. ಬರಿಗೈಲಿ ಬಂದ ಪರದೆ ಸೊನ್ನೆಯಿಂದಲ್ಲದೆ ಇನ್ನೆಲ್ಲಿಂದ ಶುರು ಮಾಡೀತು?

ಇಷ್ಟು ಬಿಗಿ ಯಾಕೋ ಅಂತ ಕೇಳಿದೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ರ್‍ಯಾಮ್ 192 ಎಂಬಿ. ಕೀಬೋರ್ಡನ್ನು ಹೊರಗೆ ಸರಿಸಿದರೆ ಪರದೆ ಅಡ್ಡವಾಗುತ್ತಿದ್ದ ಫೋನದು. ಇಕ್ಕಟ್ಟಿನ ಮನೆ, ಹೊಸ ನೆಂಟರು ಬಂದರೆ ಮೂಲೆಯಲ್ಲಿ ಮಲಗಿದವರನ್ನು ಎಬ್ಬಿಸಿ ಕಳಿಸಬೇಕು. ಈಗ ಜಾಗ ಎಷ್ಟೋ ಪಟ್ಟು ಹೆಚ್ಚಿದೆ, ಆದರೂ ಮನೆಯ ರೀತಿ ಅದೇ. ಹಿಂದೆ ಸರಿಸಿಟ್ಟ ಆ್ಯಪ್ಪನ್ನು, ಜಾಗ ಸಾಲದಾದಾಗ, ಫೋನು ಸದ್ದಿಲ್ಲದೆ ಮುಗಿಸಿಬಿಡುತ್ತದೆ. ನಾವು ಮರಳಿದಾಗ ಅದು ಗಂಟು ಬಿಚ್ಚಿ, ಎಲ್ಲೂ ಹೋಗೇ ಇರಲಿಲ್ಲ ಅನ್ನುವ ಮುಖ ಮಾಡಿಕೊಂಡು ನಿಲ್ಲುತ್ತದೆ. ಅಂಥ ಮುಖ ನಾನೂ ಮಾಡಿದ್ದೇನೆ, ಆಫೀಸಿನಲ್ಲಿ.

ನಾಲ್ಕು ಸಾಲು ಬರೆದು ಸರಿಮಾಡಿದ. ಫೋನನ್ನು ಉದ್ದ, ಅಡ್ಡ, ಮತ್ತೆ ಉದ್ದ ಹಿಡಿದು ತೋರಿಸಿದ. 61, 61, 61. ಅಮ್ಮನಿಗೆ ಖುಷಿ.

ಮಾರನೆಯ ದಿನ ಮತ್ತೆ ಸೊನ್ನೆ.

ಈ ಸಲ ತಪ್ಪು ಅಜ್ಜಿಯದು ಅಂತ ಅವನ ವಾದ. ನಡುವೆ ಯಾರದೋ ಫೋನ್ ಬಂದಿದೆ. ಮಾತು ಮುಗಿಸಿದವರು, ತೆರೆದಿದ್ದನ್ನೆಲ್ಲ ಬೆರಳಲ್ಲಿ ಮೇಲಕ್ಕೆ ತಳ್ಳಿ ಗುಡಿಸಿಹಾಕಿದ್ದಾರೆ. ದಿನಾ ಅಂಗಳ ಗುಡಿಸಿದ ಕೈ. ಹಾಗೆ ತಳ್ಳಿದರೆ, ಇವರಿಗೆ ಇನ್ನು ಬೇಡ ಅಂತ ಫೋನು ಗಂಟನ್ನೂ ಎಸೆಯುತ್ತದೆ. ಅದರದೂ ನ್ಯಾಯವೇ ಅನ್ನಿ. ತಿಪಟೂರಲ್ಲಿ ಟೀಗೆ ಇಳಿಯುವಾಗ ಸೀಟಿನ ಮೇಲೆ ಟವಲ್ ಹಾಕಿ ಇಳಿದರೆ ಕಂಡಕ್ಟರ್ ಕಾಯುತ್ತಾರೆ. ಚೀಲ ಎತ್ತಿಕೊಂಡೇ ಇಳಿದವರಿಗೆ ಯಾರು ಕಾಯುತ್ತಾರೆ?

"ಹಾಗಾದ್ರೆ ಗಂಟು ಸಾಲದು, ಲೆಕ್ಕದ ಪುಸ್ತಕದಲ್ಲಿ ಬರೆದಿಡೋಣ" ಅಂದ. ಒಂದೊಂದು ಸಲ ಒತ್ತಿದಾಗಲೂ ಅಂಕಿ ಫೋನಿನೊಳಗಿನ ಕಡತಕ್ಕೆ ಸೇರುವ ಹಾಗೆ. ಫೋನ್ ಆರಿಸಿ ಹಚ್ಚಿದರೂ ಅಳಿಯದು. ಅಷ್ಟು ಹೇಳಿದವನು ಅಲ್ಲೇ ನಿಂತ.

"ಅಜ್ಜಿ, ನೀವು ವಾಪಸ್ ಬಂದಾಗ 61 ಇರ್ಬೇಕೋ, ಸೊನ್ನೆ ಇರ್ಬೇಕೋ?"

ಅಮ್ಮ ಯೋಚಿಸಿದರು. "ಕುಕ್ಕರ್ ಕೂಗ್ತು ಅಂತ ಎದ್ದಿದ್ರೆ ಅಲ್ಲಿಂದಲೇ. ಯಾರ ಹತ್ರನಾದ್ರೂ ಬಾಯಿ ಮಾಡ್ಕೊಂಡು ಬಂದಿದ್ರೆ, 61ರಿಂದ ಮುಂದುವರಿಸಿ ಏನು ಬಂತು? ಮೊದಲಿಂದ."

"ಅದು ಆ್ಯಪ್‌ಗೆ ಹೇಗೆ ಗೊತ್ತಾಗ್ಬೇಕು?"

"ಅದಕ್ಯಾಕೆ ಗೊತ್ತಾಗ್ಬೇಕು? ನಂಗೆ ಗೊತ್ತಿರುತ್ತಲ್ಲ."

ಅಂಕಿಯನ್ನು ಉಳಿಸಿಯೇ ಇಡುವ ಹಾಗೆ ಮಾಡಿ, ಮೂಲೆಯಲ್ಲಿ ಇನ್ನೊಂದು ಗುಂಡಿ ಕೂರಿಸಿದ: 'ಮೊದಲಿಂದ'. ಬೆರಳು ತಪ್ಪಿ ತಾಕದಷ್ಟು ಚಿಕ್ಕದು.

ಇವತ್ತು ಬೆಳಿಗ್ಗೆ ಹಾಲಿನವನು ಬಂದ ಅಂತ ಅಮ್ಮ ಎದ್ದು ಹೋದರು. ಜಪಮಾಲೆಯಾಗಿದ್ದರೆ ಬೆರಳಿಟ್ಟ ಮಣಿಯನ್ನು ಹಿಡಿದೇ ಹೋಗುತ್ತಿದ್ದರು. ಫೋನು ದೀಪದ ಪಕ್ಕದಲ್ಲಿ 84 ಅಂತ ತೋರಿಸುತ್ತ ಇತ್ತು. ಬಾಗಿಲಲ್ಲಿ ತಿಂಗಳ ಲೆಕ್ಕದ ಮಾತು ಸ್ವಲ್ಪ ಏರಿದ ಹಾಗೆ ಕೇಳಿಸಿತು. ಮರಳಿ ಬಂದು ಕೂತು, ಕನ್ನಡಕ ಹಾಕಿಕೊಂಡು, ಆ 84ನ್ನು ಒಂದಿಷ್ಟು ಹೊತ್ತು ನೋಡಿದರು. ಯಾವ ಗುಂಡಿ ಒತ್ತಿದರೋ ಕಾಣೆ, ನನಗೆ ಬಸ್ಸಿಗೆ ಹೊತ್ತಾಗಿತ್ತು.