ಸಿಪ್ಯಾಪ್ ಯಂತ್ರಕ್ಕೆ ಯಾವ ನೀರು?

ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ತೊಂದರೆಗೆ ವೈದ್ಯರು ಸಿಪ್ಯಾಪ್ ಯಂತ್ರ ಬರೆದುಕೊಡುತ್ತಾರೆ. ಯಂತ್ರ ರಾತ್ರಿಯಿಡೀ ಒತ್ತಡದಲ್ಲಿ ಊದುವ ಗಾಳಿಗೆ ಮೂಗು, ಗಂಟಲು ಒಣಗುತ್ತವೆ. ಅದನ್ನು ತಡೆಯಲು ಇರುವುದೇ ಹ್ಯುಮಿಡಿಫೈಯರ್: ಪುಟ್ಟದೊಂದು ನೀರಿನ ಡಬ್ಬಿ, ಅದರ ಕೆಳಗೆ ಬಿಸಿಯಾಗುವ ತಟ್ಟೆ. ಇಲ್ಲಿ ನೀರು ಕುದಿಯುವುದಿಲ್ಲ. ಬೆಚ್ಚಗಾಗಿ ಆವಿಯಾಗುತ್ತದೆ, ಆ ತೇವವನ್ನು ಗಾಳಿ ಹೊತ್ತೊಯ್ಯುತ್ತದೆ.

ಈ ಡಬ್ಬಿಗೆ ಹಾಕುವ ನೀರಿನಲ್ಲಿ ನೋಡಬೇಕಾದದ್ದು ಎರಡು: ಲವಣ ಮತ್ತು ಸೂಕ್ಷ್ಮಜೀವಿ. ನೀರು ಆವಿಯಾದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಡಬ್ಬಿಯಲ್ಲೇ ಉಳಿಯುತ್ತವೆ. ಬಿಸಿನೀರಿನ ಹಂಡೆಯೊಳಗೆ ಬಿಳಿ ಪದರ ಕಟ್ಟುವಂತೆ ಇಲ್ಲೂ ಕಟ್ಟುತ್ತದೆ, ಬಿಸಿ ಸರಿಯಾಗಿ ತಾಗುವುದಿಲ್ಲ. ಇನ್ನು ಸೂಕ್ಷ್ಮಜೀವಿಗಳು: ತಟ್ಟೆಯ ಬಿಸಿ ಅವನ್ನು ಕೊಲ್ಲುವಷ್ಟಿಲ್ಲ. ನಿಂತ ಬೆಚ್ಚನೆಯ ನೀರಿನಲ್ಲಿ ಅವು ಬೆಳೆಯಬಲ್ಲವು.

ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ನಲ್ಲಿ ನೀರು ಮೆದುವಾಗಿದ್ದರೂ ಸಂಪ್, ಟ್ಯಾಂಕ್ ದಾಟಿ ಬರುತ್ತದೆ. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ಆದರೆ ಲವಣಗಳೆಲ್ಲ ಹೋಗುವುದಿಲ್ಲ. ಆರ್‌ಒ ಯಂತ್ರ ಲವಣವನ್ನು ಬಹಳಷ್ಟು ತಗ್ಗಿಸುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ರುಚಿಗೆಂದು ಲವಣ ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಆರ್‌ಒ ಆದ ಮೇಲೂ ನೀರು ಟ್ಯಾಂಕಿನಲ್ಲಿ ನಿಂತಿರುತ್ತದೆ. ಬಾಟಲಿಯ ಮಿನರಲ್ ವಾಟರ್ ಕುಡಿಯಲು ಒಳ್ಳೆಯದೇ, ಆದರೆ ಅದರಲ್ಲೂ ಲವಣವಿದೆ. ಇನ್ವರ್ಟರ್ ಬ್ಯಾಟರಿಗೆ ಸುರಿಯುವ ನೀರು ಬ್ಯಾಟರಿಗೆಂದೇ ತಯಾರಾದದ್ದು. ಲವಣ ತೆಗೆದಿದ್ದರೂ ಉಸಿರಾಟದ ಯಂತ್ರಕ್ಕೆ ಬೇಕಾದ ಶುಚಿತ್ವದ ಖಾತ್ರಿ ಅದಕ್ಕಿಲ್ಲ.

ಹೀಗಾಗಿ ಬಹುತೇಕ ತಯಾರಕರ ಕೈಪಿಡಿಗಳು ಹೇಳುವುದು ಡಿಸ್ಟಿಲ್ಡ್ ವಾಟರ್. ಆವಿಯಾಗಿಸಿ ಮತ್ತೆ ತಣಿಸಿದ ಈ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಕೊಳ್ಳುವಾಗ ವೈದ್ಯಕೀಯ ಬಳಕೆಯದ್ದೇ ಎಂದು ಲೇಬಲ್ ನೋಡಿಕೊಳ್ಳಬೇಕು. ಕ್ಯಾನ್ ತೆರೆದ ಮೇಲೆ ಮುಚ್ಚಳ ಬಿಗಿಯಾಗಿರಲಿ. ಪ್ರಯಾಣದಲ್ಲಿ ಅದು ಸಿಗದಿದ್ದರೆ, ಒಂದೆರಡು ರಾತ್ರಿಗೆ ಕುದಿಸಿ ಪೂರ್ತಿ ಆರಿಸಿದ ನೀರು ನಡೆದೀತು. ಸಲೈನ್, ನೀಲಗಿರಿ ಎಣ್ಣೆ, ಸುಗಂಧ ಯಾವುದನ್ನೂ ಹಾಕುವಂತಿಲ್ಲ.

ಎಷ್ಟೇ ಒಳ್ಳೆಯ ನೀರಾದರೂ ಡಬ್ಬಿ ಕೊಳಕಾಗಿದ್ದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಡಬ್ಬಿ ತೊಳೆದು ಒಣಗಿಸಬೇಕು. ರಾತ್ರಿ ಹೊಸ ನೀರನ್ನು ಗುರುತು ಮೀರದಂತೆ ತುಂಬಬೇಕು. ವಾರಕ್ಕೊಮ್ಮೆಯಾದರೂ ಸೌಮ್ಯ ಸಾಬೂನು ಹಾಕಿ ತೊಳೆಯಬೇಕು. ಬಿಳಿ ಪದರ ಕಟ್ಟಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಚೆನ್ನಾಗಿ ತೊಳೆದರೆ ಬಿಡುತ್ತದೆ. ನೀರು ತುಂಬಿರುವಾಗ ಯಂತ್ರ ಓರೆ ಮಾಡಿದರೆ ನೀರು ಮೋಟಾರಿಗೆ ಇಳಿಯಬಹುದು.

ಆಕ್ಸಿಜನ್ ಕಾನ್ಸಂಟ್ರೇಟರ್‌ನಲ್ಲಿ ಆಮ್ಲಜನಕಕ್ಕೆ ತೇವ ಸೇರಿಸುವ ಗುಳ್ಳೆ ಬಾಟಲಿಗೂ ಇದೇ ಎಚ್ಚರಿಕೆ ಬೇಕು. 2021ರಲ್ಲಿ ಕೋವಿಡ್ ಜೊತೆ ಕಪ್ಪು ಶಿಲೀಂಧ್ರ ಸೋಂಕು ಹರಡಿದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸೂಚನೆಯೂ ಇದನ್ನೇ ಹೇಳಿತ್ತು: ಆಮ್ಲಜನಕ ಕೊಡುವಾಗ ಹ್ಯುಮಿಡಿಫೈಯರ್‌ಗೆ ಶುದ್ಧವಾದ, ಸೂಕ್ಷ್ಮಜೀವಿರಹಿತ ನೀರನ್ನೇ ಬಳಸಬೇಕು.