ಹೆಣ್ಣುಮಕ್ಕಳ ಕೈಗೆ ಸಿ.ಎನ್.ಸಿ. ಲೇತ್

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಮಗಳ ಓದಿಗೆ ಸಂಘದಿಂದ ಸಾಲ ಕೇಳುವಾಗ ನರ್ಸಿಂಗ್, ಹೊಲಿಗೆ, ಕಂಪ್ಯೂಟರ್ ಎಂಬ ಹೆಸರುಗಳೇ ಹೆಚ್ಚಾಗಿ ಬರುತ್ತವೆ. ಲೇತ್ ಅಂದ ಕೂಡಲೇ "ಅಯ್ಯೋ ಸಿಸ್ಟರ್, ಅದು ಗಂಡಸರ ಕೆಲಸ" ಅಂತೀರಿ. ಈ ಮಾತು ಎಷ್ಟು ಸರಿ, ಇವತ್ತು ನೋಡೋಣ.

ಲೇತ್ ಎಂದರೆ ಕಬ್ಬಿಣದ ಸರಳನ್ನು ಚಕ್ಕಿನಲ್ಲಿ ಬಿಗಿದು ವೇಗವಾಗಿ ತಿರುಗಿಸುವ ಯಂತ್ರ. ತಿರುಗುವ ಸರಳಿಗೆ ಹರಿತವಾದ ಟೂಲ್ ತಾಗಿದರೆ ಲೋಹ ಸುರುಳಿ ಸುರುಳಿಯಾಗಿ ಕತ್ತರಿಸಿ ಬರುತ್ತದೆ. ಪಂಪಿನ ಶಾಫ್ಟ್, ಬೈಕಿನ ಬಿಡಿಭಾಗಗಳು ಹೀಗೇ ತಯಾರಾಗುತ್ತವೆ. ಹಳೇ ಲೇತಿನಲ್ಲಿ ಹಿಡಿಕೆ ತಿರುಗಿಸಿ ಟೂಲನ್ನು ಕೈಯಿಂದ ನಡೆಸಬೇಕು. ಸಿ.ಎನ್.ಸಿ. ಲೇತಿನಲ್ಲಿ ಕಂಪ್ಯೂಟರ್ ನಡೆಸುತ್ತದೆ. ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಎಂದು ನಾವು ಬರೆದುಕೊಡಬೇಕು. ಅದೇ ಪ್ರೋಗ್ರಾಮ್.

ಈ ಬರವಣಿಗೆ ಬಹಳ ಕಷ್ಟದ್ದಲ್ಲ. 'ಎಕ್ಸ್' ಎಂದರೆ ಜಾಬಿನ ದಪ್ಪ, 'ಝಡ್' ಎಂದರೆ ಉದ್ದ. 'ಜಿ00' ಎಂದರೆ ಕತ್ತರಿಸದೆ ಬೇಗ ಹೋಗು. 'ಜಿ01' ಎಂದರೆ ಕತ್ತರಿಸುತ್ತಾ ನಿಧಾನವಾಗಿ ಹೋಗು. 'ಎಂ03' ಬರೆದರೆ ಚಕ್ ತಿರುಗುತ್ತದೆ, 'ಎಂ05' ಬರೆದರೆ ನಿಲ್ಲುತ್ತದೆ, 'ಎಂ30' ಬಂದರೆ ಕೆಲಸ ಮುಗಿಯಿತು.

ಇಲ್ಲಿ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಲೆಕ್ಕದ ಶಿಸ್ತು. 32 ಮಿಲಿಮೀಟರ್ ದಪ್ಪ ಬೇಕಾದರೆ 32ರ ಮುಂದೆ ಚುಕ್ಕಿ ಇಡಬೇಕು. ಚುಕ್ಕಿ ಮರೆತರೆ ಎಷ್ಟೋ ಯಂತ್ರಗಳು ಅದನ್ನು 32 ಮೈಕ್ರಾನ್ ಎಂದು ಓದುತ್ತವೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್! ಟೂಲ್ ಸರಳಿನ ನಡುಮಧ್ಯಕ್ಕೇ ನುಗ್ಗಿ ಮುರಿಯುತ್ತದೆ. ಆದ್ದರಿಂದ ಹೊಸ ಪ್ರೋಗ್ರಾಮನ್ನು ಮೊದಲು ಜಾಬ್ ಇಲ್ಲದೆ ಓಡಿಸಿ, ಆಮೇಲೆ ಒಂದೊಂದೇ ಸಾಲಾಗಿ ನಡೆಸಿ ನೋಡುತ್ತಾರೆ. ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಮೇಲಿಂದ ಮತ್ತೆ ಕೂಡುವವರು ನೀವು. ನಿಮ್ಮ ಹೆಣ್ಣುಮಕ್ಕಳಿಗೆ ಈ ಗುಣ ಹೊಸದೇನಲ್ಲ.

ಆದರೆ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಜಾಬ್ ಹಾಕಿ, ಬಟನ್ ಒತ್ತಿ, ಜಾಬ್ ತೆಗೆಯುವುದು ಒಂದು ಕೆಲಸ. ಅದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಹಾಗೆಯೇ ಆ ಜಾಗಕ್ಕೆ ಬೇರೆಯವರನ್ನು ಸುಲಭವಾಗಿ ತರಬಹುದು. ನಕ್ಷೆ ಓದುವುದು, ಪ್ರೋಗ್ರಾಮ್ ಬರೆಯುವುದು, ಟೂಲ್ ಸವೆದಾಗ ಅಳತೆ ನೋಡಿ ಆಫ್‌ಸೆಟ್ ತಿದ್ದುವುದು ಇನ್ನೊಂದು ಕೆಲಸ. ಇದನ್ನು ಬಲ್ಲವಳಿಗೆ ಬೆಲೆ ಇದೆ. ಸಾಲ ಮಾಡುವುದಾದರೆ ಈ ಎರಡನೆಯದನ್ನು ಕಲಿಸುವ ಕಡೆಗೇ ಹಾಕಿ.

ಎಸ್.ಎಸ್.ಎಲ್.ಸಿ. ಆದವರಿಗೆ ಐ.ಟಿ.ಐ.ಯಲ್ಲಿ ಟರ್ನರ್, ಮೆಷಿನಿಸ್ಟ್ ಎಂಬ 2 ವರ್ಷದ ತರಬೇತಿ ಇದೆ. ಸರ್ಕಾರದ ಜಿ.ಟಿ.ಟಿ.ಸಿ. ಕೇಂದ್ರಗಳಲ್ಲೂ ವಿಚಾರಿಸಿ. ಖಾಸಗಿ ಕೇಂದ್ರವಾದರೆ ಹಣ ಕಟ್ಟುವ ಮೊದಲು ತಾಯಿ ಮಗಳು ಇಬ್ಬರೂ ಹೋಗಿ ಕೇಳಿ:

1. ಯಂತ್ರ ಇದೆಯೇ, ಅಥವಾ ಕಂಪ್ಯೂಟರಿನಲ್ಲಿ ಮಾತ್ರ ತೋರಿಸುತ್ತೀರಾ?
2. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು?
3. ಪ್ರೋಗ್ರಾಮ್ ಅವಳೇ ಬರೆದು, ಅವಳೇ ಜಾಬ್ ಮಾಡಬಹುದೇ?

ಅಪ್ರೆಂಟಿಸ್ ಆಗಿ ಸೇರಿದರೆ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಸ್ಟೈಪೆಂಡ್ ಕೊಡಲೇಬೇಕು. ಬರಹದಲ್ಲಿ ಒಪ್ಪಂದ ಕೇಳಿ ಪಡೆಯಿರಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ, ರಾತ್ರಿ ಪಾಳಿ ಇದ್ದರೆ ಮನೆವರೆಗೆ ವಾಹನ ಬರುತ್ತದೆಯೇ ಎಂದು ಕೇಳಲು ನಾಚಿಕೆ ಬೇಡ.

ಕೊನೆಗೆ ಸುರಕ್ಷತೆ. ಯಂತ್ರದ ಹತ್ತಿರ ದುಪಟ್ಟಾ, ಬಳೆ, ಉಂಗುರ ಬೇಡ. ಜಡೆಯನ್ನು ಕಟ್ಟಿ ಟೊಪ್ಪಿಯೊಳಗೆ ಸೇರಿಸಬೇಕು. ತಿರುಗುವ ಚಕ್ಕಿನ ಬಳಿ ಗ್ಲೌಸ್ ಕೂಡ ಅಪಾಯ, ಅದು ಕೈಯನ್ನೇ ಎಳೆದುಕೊಳ್ಳುತ್ತದೆ. ಲೋಹದ ಸುರುಳಿ ಬ್ಲೇಡಿನಷ್ಟು ಹರಿತ. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಬೇಕು. ಬಾಗಿಲು ತೆರೆದಿಟ್ಟು ಓಡಿಸು ಎಂದು ಯಾರು ಅವಸರ ಮಾಡಿದರೂ "ಆಗಲ್ಲ" ಎನ್ನುವ ಧೈರ್ಯವನ್ನು ಮನೆಯಿಂದಲೇ ಕೊಟ್ಟು ಕಳುಹಿಸಿ.

ಮುಂದಿನ ಸಭೆಯಲ್ಲಿ ಇದನ್ನು ನಿಮ್ಮ ಸಂಘದಲ್ಲಿ ಚರ್ಚಿಸಿ. ಹತ್ತನೇ ತರಗತಿ ಮುಗಿಸಿದ ಹುಡುಗಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ. ತೀರ್ಮಾನ ಅವರದೂ ಆಗಿರಲಿ. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.